ಪಾಸ್‌ವರ್ಡ್ ಬದಲಿಸಬಹುದು, ಹೆಬ್ಬೆಟ್ಟು?

ಬೆಳಿಗ್ಗೆ ಆರೂವರೆಗೆ ಚಿಕ್ಕಪ್ಪನ ಫೋನ್ ಬಂತು. "ನನ್ನ ಅಕೌಂಟಿಂದ ಹತ್ತು ಸಾವಿರ ಹೋಗ್ಬಿಟ್ಟಿದೆ ಕಣೋ" ಅಂದರು. ದನಿ ನಡುಗುತ್ತಿತ್ತು.

ನಾನು ಕೇಳಿದ ಮೊದಲ ಮಾತು: "ಚಿಕ್ಕಪ್ಪ, ಯಾವುದಾದ್ರೂ ಲಿಂಕ್ ಒತ್ತಿದ್ರಾ? ಯಾರಿಗಾದ್ರೂ ಒಟಿಪಿ ಹೇಳಿದ್ರಾ?"

"ಇಲ್ಲ ಕಣಪ್ಪ. ಫೋನ್ ಚಾರ್ಜಿಗೆ ಹಾಕಿ ಮಲಗಿದ್ದೆ."

ಬ್ಯಾಂಕಿನಲ್ಲೂ ಅದೇ ಪ್ರಶ್ನೆ. ಮನೆಯಲ್ಲಿ ಚಿಕ್ಕಮ್ಮ, ಮಕ್ಕಳು, ಕೊನೆಗೆ ಎದುರುಮನೆಯವರೂ ಅದನ್ನೇ ಕೇಳಿದರು. ಎರಡು ದಿನ ಕಳೆಯುವಷ್ಟರಲ್ಲಿ ಚಿಕ್ಕಪ್ಪನಿಗೇ ಅನುಮಾನ ಶುರುವಾಯಿತು. "ಏನೋ ಒತ್ತಿಬಿಟ್ಟಿರಬೇಕು, ನಂಗೇ ಗೊತ್ತಾಗ್ಲಿಲ್ವೇನೋ" ಅನ್ನತೊಡಗಿದರು. ಪಾಸ್‌ಬುಕ್ ಎಂಟ್ರಿ ಹಾಕಿಸಿ ನೋಡಿದರೆ ಆ ಮೊತ್ತದ ಪಕ್ಕದಲ್ಲಿ ಎಇಪಿಎಸ್ (ಆಧಾರ್ ಮತ್ತು ಬೆರಳ ಗುರುತಿನಿಂದ ಹಣ ತೆಗೆಯುವ ವ್ಯವಸ್ಥೆ) ಅಂತ ಇತ್ತು. ಅಂದರೆ ಎಲ್ಲೋ ಯಾರೋ ಚಿಕ್ಕಪ್ಪನ ಹೆಬ್ಬೆಟ್ಟು ಒತ್ತಿ ದುಡ್ಡು ತೆಗೆದಿದ್ದರು. ಚಿಕ್ಕಪ್ಪನ ಹೆಬ್ಬೆಟ್ಟು ಆ ಹೊತ್ತಿಗೆ ಚಿಕ್ಕಪ್ಪನ ಹತ್ತಿರವೇ, ಹೊದಿಕೆಯ ಒಳಗಿತ್ತು.

ಆಮೇಲೊಂದು ಸಂಜೆ ಇಬ್ಬರೂ ಕೂತು ಪಟ್ಟಿ ಮಾಡಿದೆವು. ಕಳೆದ ಐದು ವರ್ಷದಲ್ಲಿ ಹೆಬ್ಬೆಟ್ಟು ಎಲ್ಲೆಲ್ಲಿ ಕೊಟ್ಟಿದ್ದೀರಿ ಅಂತ. ಸಿಮ್ ತಗೊಂಡಾಗ ಒಮ್ಮೆ. ಅದು ಕಳೆದುಹೋಗಿ ಇನ್ನೊಂದು ತಗೊಂಡಾಗ ಮತ್ತೊಮ್ಮೆ. ತಿಂಗಳು ತಿಂಗಳೂ ರೇಷನ್ ಅಂಗಡಿಯಲ್ಲಿ. ಬ್ಯಾಂಕಿನ ಕೆವೈಸಿಗೆ. ಅಣ್ಣತಮ್ಮಂದಿರ ಭಾಗಪತ್ರ ನೋಂದಣಿಗೆ. ಊರಿಗೆ ಬಂದು ಯಾವುದೋ ಕಾರ್ಡ್ ಮಾಡಿಕೊಡುತ್ತೇವೆ ಅಂತ ಮೇಜು ಹಾಕಿ ಕೂತಿದ್ದ ಹುಡುಗರಿಗೆ. ಅವರು ಯಾರು, ಯಾವ ಇಲಾಖೆಯವರು, ಅದು ಯಾವ ಕಾರ್ಡು ಅಂತ ಚಿಕ್ಕಪ್ಪನಿಗೆ ನೆನಪಿಲ್ಲ. ಹೆಬ್ಬೆಟ್ಟು ಎಲ್ಲಿಂದ ಹೋಯಿತು ಅನ್ನೋದು ನಮಗೆ ಕೊನೆಗೂ ತಿಳಿಯಲಿಲ್ಲ. ಆದರೆ ಆ ಪಟ್ಟಿ ನೋಡಿ ನನಗೆ ಒಂದು ವಿಷಯ ಹೊಳೆಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಡಿಜಿಟಲ್ ಹೆಜ್ಜೆಗುರುತು, ಅಂದರೆ ಕಂಪ್ಯೂಟರು, ಇಂಟರ್ನೆಟ್ಟಿನಲ್ಲಿ ಉಳಿದುಹೋಗುವ ನಮ್ಮ ಗುರುತು, ಅಂದ ಕೂಡಲೇ ನಮಗೆ ಸಿಗುವ ಬುದ್ಧಿಮಾತು ಗೊತ್ತೇ ಇದೆ. ಫೇಸ್‌ಬುಕ್ಕಿನಲ್ಲಿ ಹುಟ್ಟಿದ ದಿನ ಹಾಕಬೇಡಿ. ಲೊಕೇಶನ್ ಆಫ್ ಮಾಡಿ. ಪಾಸ್‌ವರ್ಡ್ ಆಗಾಗ ಬದಲಿಸಿ. ಎಲ್ಲ ಸರಿಯಾದ ಮಾತೇ. ಆದರೆ ಅದೆಲ್ಲ ನಾವಾಗಿ ಬಿಟ್ಟ ಗುರುತಿನ ಮಾತು. ನಮ್ಮ ಕಡೆ ಜಾಸ್ತಿ ಇರುವುದು ಕೌಂಟರಿನ ಆಚೆ ಕೂತವರು ನಮ್ಮಿಂದ ತೆಗೆದುಕೊಂಡ ಗುರುತು. ಫೇಸ್‌ಬುಕ್ಕೇ ಇಲ್ಲದ ನನ್ನ ಚಿಕ್ಕಪ್ಪನ ಗುರುತು ಆರೇಳು ಕಡೆ ಬಿದ್ದಿದೆ. ಅವರು ಎಲ್ಲೂ ಅಜಾಗರೂಕರಾಗಿರಲಿಲ್ಲ. ಕೇಳಿದಲ್ಲಿ ಕೊಟ್ಟರು, ಅಷ್ಟೇ. ಕೊಡದಿದ್ದರೆ ಅಕ್ಕಿ ಸಿಗುತ್ತಿರಲಿಲ್ಲ, ಸಿಮ್ ಸಿಗುತ್ತಿರಲಿಲ್ಲ.

ಎಇಪಿಎಸ್ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದರೆ ಉಳಿದದ್ದು ಸುಲಭವಾಗಿ ಅರ್ಥವಾಗುತ್ತದೆ. ಇದು ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆ. ಹಳ್ಳಿಯಲ್ಲಿ ಬ್ಯಾಂಕ್ ಮಿತ್ರ ಅಂತ ಒಬ್ಬರಿರುತ್ತಾರೆ. ಅವರ ಹತ್ತಿರ ಸಣ್ಣ ಯಂತ್ರ ಇರುತ್ತದೆ. ನಿಮ್ಮ ಆಧಾರ್ ಸಂಖ್ಯೆ ಹೇಳಬೇಕು, ಬ್ಯಾಂಕಿನ ಹೆಸರು ಹೇಳಬೇಕು, ಬೆರಳು ಒತ್ತಬೇಕು. ದುಡ್ಡು ಕೈಗೆ ಬರುತ್ತದೆ. ಎಟಿಎಂ ಕಾರ್ಡ್ ಬೇಡ, ಪಿನ್ ಬೇಡ, ಒಟಿಪಿ ಬೇಡ. ಒಂದು ಸಲಕ್ಕೆ 10,000 ರೂಪಾಯಿಯವರೆಗೆ ತೆಗೆಯಬಹುದು.

ಇದನ್ನು ಕೆಟ್ಟ ವ್ಯವಸ್ಥೆ ಅಂತ ನಾನು ಹೇಳುವುದಿಲ್ಲ. ಓದಲು ಬಾರದ ಅಜ್ಜಿ ವಿಧವಾ ವೇತನ ತೆಗೆಯಲು ತಾಲ್ಲೂಕು ಕೇಂದ್ರಕ್ಕೆ ಬಸ್ ಹತ್ತಬೇಕಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬಂದರೆ ಊರಲ್ಲೇ ಕೈಗೆ ಸಿಗುತ್ತದೆ. ತೊಂದರೆ ಇರುವುದು ಇನ್ನೊಂದು ಕಡೆ. ಆಧಾರ್ ಜೋಡಿಸಿದ ಬಹಳಷ್ಟು ಖಾತೆಗಳಲ್ಲಿ ಈ ಬಾಗಿಲು ತಾನಾಗಿಯೇ ತೆರೆದುಕೊಂಡಿತ್ತು. ಬೇಕಾ, ಬೇಡವಾ ಅಂತ ಯಾರೂ ಕೇಳಲಿಲ್ಲ. ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡ ಎಂಜಿನಿಯರಿಗೂ ತನ್ನ ಖಾತೆಯಿಂದ ಬೆರಳು ಒತ್ತಿ ದುಡ್ಡು ತೆಗೆಯಬಹುದು ಅಂತ ಗೊತ್ತಾಗಿದ್ದು ದುಡ್ಡು ಹೋದ ಮೇಲೆ.

2023ರಲ್ಲಿ ಬೆಂಗಳೂರಿನ ಪೊಲೀಸರ ಹತ್ತಿರ ಇಂಥ ದೂರುಗಳು ಒಂದರ ಹಿಂದೆ ಒಂದು ಬಂದವು. ದುಡ್ಡು ಕಳೆದುಕೊಂಡವರಲ್ಲಿ ಹಲವರು ಆಸ್ತಿ ನೋಂದಣಿ ಮಾಡಿಸಿದ್ದವರು. ಪೊಲೀಸರು ಆ ಎಳೆ ಹಿಡಿದು ಹೋದಾಗ ಅದು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಸಿಗುತ್ತಿದ್ದ ಪತ್ರಗಳಿಗೆ ಮುಟ್ಟಿತು.

ಒಂದು ಶುದ್ಧ ಕ್ರಯಪತ್ರ ಕೈಗೆತ್ತಿಕೊಂಡು ನೋಡಿ. ಮಾರಿದವರ, ಕೊಂಡವರ ಹೆಸರು, ತಂದೆಯ ಹೆಸರು, ವಯಸ್ಸು, ವಿಳಾಸ. ಪ್ಯಾನ್ ನಂಬರ್. ಆಧಾರ್ ನಂಬರ್. ಚಕ್ಕುಬಂದಿ. ಹಣ ಯಾವ ಬ್ಯಾಂಕಿನ ಚೆಕ್ಕಿನಲ್ಲಿ ಸಂದಾಯವಾಯಿತು ಅನ್ನೋ ವಿವರ. ಹಿಂಬದಿಯಲ್ಲಿ ಫೋಟೊ, ಅದರ ಪಕ್ಕ ಸ್ಕ್ಯಾನರಿನಲ್ಲಿ ತೆಗೆದ ಹೆಬ್ಬೆಟ್ಟಿನ ಚಿತ್ರ, ಗೆರೆ ಗೆರೆ ಎಣಿಸುವಷ್ಟು ಸ್ಪಷ್ಟ. ಎಇಪಿಎಸ್‌ಗೆ ಬೇಕಾದ ಮೂರೂ ವಸ್ತು ಒಂದೇ ಪತ್ರದಲ್ಲಿವೆ. ಚಿತ್ರವನ್ನು ಮುದ್ರಿಸಿ, ಅದರಿಂದ ಮೆತ್ತನೆಯ ರಬ್ಬರಿನಂಥ ಅಚ್ಚು ಮಾಡಿಕೊಂಡರೆ ಆಯಿತು. ಹಳೆಯ ಸ್ಕ್ಯಾನರುಗಳಿಗೆ ಒತ್ತಿದ್ದು ಜೀವಂತ ಬೆರಳೋ, ಅಚ್ಚೋ ಅಂತ ಗೊತ್ತಾಗುತ್ತಿರಲಿಲ್ಲ.

ಆ ಹೆಬ್ಬೆಟ್ಟು ಪತ್ರದ ಮೇಲೆ ಬಂದಿದ್ದು ಹೇಗೆ ಅನ್ನೋದನ್ನೂ ನೋಡಬೇಕು. 2001ರಲ್ಲಿ ನೋಂದಣಿ ಕಾಯ್ದೆಗೆ 32ಎ ಅನ್ನೋ ಕಲಮು ಸೇರಿಸಿದರು. ಪತ್ರ ಹಾಜರುಪಡಿಸುವವರ ಫೋಟೊ ಮತ್ತು ಬೆರಳ ಗುರುತು ಕಡ್ಡಾಯ ಆಯಿತು. ಬದುಕಿರುವವರ ಹೆಸರಿನಲ್ಲಿ ಇನ್ಯಾರನ್ನೋ ನಿಲ್ಲಿಸಿ ಜಮೀನು ಬರೆಸಿಕೊಳ್ಳುವ ಮೋಸ ತಡೆಯಲು ಮಾಡಿದ ಒಳ್ಳೆಯ ಕೆಲಸ ಅದು. ನೋಂದಣಿಯಾದ ಪತ್ರವನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ನೋಡಬಹುದು ಅನ್ನೋದೂ ಒಳ್ಳೆಯದಕ್ಕೇ. ಸೈಟು ಕೊಳ್ಳುವವರಿಗೆ ಅದರ ಪೂರ್ವಾಪರ ತಿಳಿಯಬೇಕಲ್ವಾ? ಆದರೆ ಆ ಕಾಲದಲ್ಲಿ ಪತ್ರ ನೋಡಬೇಕಾದರೆ ಆ ಊರಿನ ಆಫೀಸಿಗೇ ಹೋಗಬೇಕಿತ್ತು. ಅರ್ಜಿ ಬರೆಯಬೇಕಿತ್ತು, ಗುಮಾಸ್ತರ ಮುಂದೆ ನಿಲ್ಲಬೇಕಿತ್ತು. ಆ ಅಲೆದಾಟವೇ ಒಂದು ಕಾವಲಾಗಿತ್ತು. ಪತ್ರ ಆನ್‌ಲೈನಿಗೆ ಬಂದಾಗ ಅಲೆದಾಟ ತಪ್ಪಿತು, ಅದರ ಜೊತೆ ಕಾವಲೂ ಹೋಯಿತು. ಹೋದ ಕಾವಲಿನ ಜಾಗದಲ್ಲಿ ಏನು ಇಡಬೇಕು ಅಂತ ಯೋಚಿಸದೆ ಹೆಬ್ಬೆಟ್ಟನ್ನು ಹಾಗೇ ಮೇಲೇರಿಸಿದ್ದು ತಪ್ಪು.

ಇದು ಮುಂಚೆ ಗೊತ್ತಿರಲಿಲ್ಲ ಅನ್ನುವಂತೆಯೂ ಇಲ್ಲ. 2018ರಲ್ಲಿ ಪಕ್ಕದ ತೆಲಂಗಾಣದಲ್ಲಿ ಇದೇ ನಡೆದಿತ್ತು. ಪೆದ್ದಪಲ್ಲಿ ಜಿಲ್ಲೆಯ ಸಿಮ್ ವ್ಯಾಪಾರಿಯೊಬ್ಬ ಅಲ್ಲಿನ ನೋಂದಣಿ ಇಲಾಖೆಯ ವೆಬ್‌ಸೈಟಿನಿಂದ ಜಮೀನಿನ ಪತ್ರಗಳನ್ನು ಇಳಿಸಿಕೊಂಡಿದ್ದ. ರಬ್ಬರ್ ಸ್ಟ್ಯಾಂಪ್ ಮಾಡುವ ಯಂತ್ರದಲ್ಲಿ ಅವುಗಳಲ್ಲಿದ್ದ ಹೆಬ್ಬೆಟ್ಟುಗಳ ಅಚ್ಚು ಮಾಡಿ, ಟಾರ್ಗೆಟ್ ಮುಟ್ಟಲು ಬೇರೆಯವರ ಹೆಸರಿನಲ್ಲಿ ಸಾವಿರಾರು ಸಿಮ್ ಚಾಲು ಮಾಡಿದ್ದ. ಪತ್ರಿಕೆಗಳಲ್ಲೆಲ್ಲ ಬಂದ ಸುದ್ದಿ ಅದು. ಅದಾಗಿ ಐದು ವರ್ಷದ ಮೇಲೆ ನಮ್ಮಲ್ಲಿ ಅದೇ ದಾರಿಯಲ್ಲಿ ದುಡ್ಡು ಹೋಯಿತು. ಈ ಐದು ವರ್ಷದ ಲೆಕ್ಕ ಯಾರು ಕೊಡಬೇಕು? ಇದನ್ನು ಯಾರ ಮೇಲೋ ಎಗರಾಡಲು ಕೇಳುತ್ತಿಲ್ಲ. ಒಂದು ರಾಜ್ಯದಲ್ಲಿ ಆದ ಸೋರಿಕೆಯಿಂದ ಇನ್ನೊಂದು ರಾಜ್ಯ ಪಾಠ ಕಲಿಯಲು ನಮ್ಮಲ್ಲಿ ದಾರಿಯೇ ಇಲ್ಲ. ನನಗೆ ನಿಜವಾಗಿ ಭಯ ಹುಟ್ಟಿಸುವುದು ಅದು.

ದೂರುಗಳು ಹೆಚ್ಚಾದ ಮೇಲೆ ಪೋರ್ಟಲಿನ ಪತ್ರಗಳಲ್ಲಿ ಬೆರಳ ಗುರುತು ಕಾಣದಂತೆ ಮುಚ್ಚಲು ಇಲಾಖೆ ಮುಂದಾಯಿತು. ಆಧಾರ್ ಬಯೊಮೆಟ್ರಿಕ್ ಲಾಕ್ (ಬೆರಳ ಗುರುತು ಕೆಲಸ ಮಾಡದಂತೆ ಹಾಕುವ ಬೀಗ) ಮಾಡಿಕೊಳ್ಳಿ ಅಂತ ಪೊಲೀಸರು ಜನರಿಗೆ ಹೇಳಿದರು. ಜೀವಂತ ಬೆರಳನ್ನು ಗುರುತಿಸಬಲ್ಲ ಸ್ಕ್ಯಾನರುಗಳೂ ಬಂದಿವೆ. ಒಳ್ಳೆಯದೇ. ಆದರೆ ಅಷ್ಟರೊಳಗೆ ಇಳಿಸಿಕೊಂಡ ಪ್ರತಿಗಳು ಯಾರ್ಯಾರ ಪೆನ್‌ಡ್ರೈವಿನಲ್ಲಿವೆಯೋ. ಪಾಸ್‌ವರ್ಡ್ ಸೋರಿದರೆ ಅದೇ ರಾತ್ರಿ ಬದಲಿಸಬಹುದು. ಕಾರ್ಡ್ ಕಳೆದರೆ ಬ್ಲಾಕ್ ಮಾಡಿಸಬಹುದು. ಹೆಬ್ಬೆಟ್ಟು ಸೋರಿದರೆ ಅದು ಸಾಯುವವರೆಗೂ ಸೋರಿದ್ದೇ.

ನಮ್ಮ ಭಾಷೆಯಲ್ಲಿ ಹೆಬ್ಬೆಟ್ಟು ಅಂದರೆ ಬರೀ ಬೆರಳಲ್ಲ. "ಅವನು ಹೆಬ್ಬೆಟ್ಟು" ಅಂದರೆ ಓದುಬರಹ ಬಾರದವನು ಅಂತ. ಸಹಿ ಮಾಡಲು ಕಲಿತ ದಿನ ನನ್ನ ಅಜ್ಜಿ ಅದನ್ನು ಮನೆಯವರಿಗೆಲ್ಲ ತೋರಿಸಿ ಸಂತೋಷಪಟ್ಟಿದ್ದರಂತೆ, ಇನ್ನು ಯಾರ ಮುಂದೆಯೂ ಶಾಯಿಗೆ ಬೆರಳು ಅದ್ದಬೇಕಿಲ್ಲ ಅಂತ. ಅವರ ಮೊಮ್ಮಕ್ಕಳಾದ ನಾವು ಡಿಗ್ರಿ ಇಟ್ಟುಕೊಂಡು ಮತ್ತೆ ಹೆಬ್ಬೆಟ್ಟಿಗೆ ಬಂದಿದ್ದೇವೆ.

ಬೆರಳಿನ ಮಾತು ಇಷ್ಟಾಯಿತು. ಜೆರಾಕ್ಸಿನ ಮಾತೂ ಸ್ವಲ್ಪ ಹೇಳಬೇಕು.

ಹೋದ ವರ್ಷ ತಾಲ್ಲೂಕು ಆಫೀಸಿನ ಎದುರಿನ ಅಂಗಡಿಯೊಂದಕ್ಕೆ ಪ್ರಿಂಟ್ ತೆಗೆಸಲು ಹೋಗಿದ್ದೆ. "ಸಾರ್, ಈ ನಂಬರಿಗೆ ವಾಟ್ಸ್ಆ್ಯಪ್ ಮಾಡ್ಬಿಡಿ" ಅಂತ ಗೋಡೆ ತೋರಿಸಿದರು. ಮಾಡಿದೆ. ಕಂಪ್ಯೂಟರಿನಲ್ಲಿ ವಾಟ್ಸ್ಆ್ಯಪ್ ತೆರೆದೇ ಇತ್ತು. ನನ್ನ ಫೈಲು ಹುಡುಕಲು ಹುಡುಗ ಡೌನ್‌ಲೋಡ್ ಫೋಲ್ಡರ್ ತೆರೆದ. ಪರದೆ ತುಂಬ ಆಧಾರ್ ಕಾರ್ಡುಗಳು, ಜಾತಿ ಪ್ರಮಾಣಪತ್ರಗಳು, ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡು, ಯಾರದೋ ಆಸ್ಪತ್ರೆಯ ರಿಪೋರ್ಟು, ಒಬ್ಬ ಹೆಣ್ಣುಮಗಳ ಪಾಸ್‌ಪೋರ್ಟ್ ಸೈಜ್ ಫೋಟೊ. ಕೆಳಗೆ ಜಾರಿಸಿದಷ್ಟೂ ಮುಗಿಯಲಿಲ್ಲ. ಇದನ್ನೆಲ್ಲ ಅಳಿಸಲ್ವಾ ಅಂತ ಕೇಳಿದೆ. "ಕಂಪ್ಯೂಟರ್ ಸ್ಲೋ ಆದಾಗ ಅಳಿಸ್ತೀವಿ ಸಾರ್" ಅಂದ. ಒಳ್ಳೆಯ ಹುಡುಗ. ಮೋಸ ಮಾಡುವ ಯೋಚನೆ ಅವನಿಗೆ ಕನಸಲ್ಲೂ ಬಂದಿರಲಿಕ್ಕಿಲ್ಲ. ಆದರೆ ಇಡೀ ತಾಲ್ಲೂಕಿನ ಅರ್ಧ ಜನರ ದಾಖಲೆ ಬೀಗವಿಲ್ಲದೆ ಆ ಮೇಜಿನ ಮೇಲೆ ಕೂತಿತ್ತು. ಆ ದಿನ ಅವನಿಂದಲೇ ನನ್ನ ಫೈಲು ಅಳಿಸಿಸಿ, ರೀಸೈಕಲ್ ಬಿನ್ನಿಂದಲೂ ತೆಗೆಸಿ ಬಂದೆ. ಅವನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ನೀವೂ ಕೇಳಿ. ಕೇಳಿದರೆ ಅಳಿಸುತ್ತಾರೆ.

2022ರ ಮೇ ಕೊನೆಯಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ ಒಂದು ಪ್ರಕಟಣೆ ಹೊರಡಿಸಿತ್ತು. ಆಧಾರ್ ಜೆರಾಕ್ಸ್ ಯಾರಿಗೂ ಕೊಡಬೇಡಿ, ದುರ್ಬಳಕೆ ಆಗಬಹುದು, ಬದಲಿಗೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಕೊಡಿ ಅಂತ. ದೇಶವೆಲ್ಲ ಗಾಬರಿಯಾಯಿತು. ಅಷ್ಟು ಹೊತ್ತಿಗೆ ಎಲ್ಲರೂ ಹೋಟೆಲು, ಬಾಡಿಗೆ ಮನೆ, ಶಾಲೆ ಅಂತ ಹತ್ತಾರು ಜೆರಾಕ್ಸ್ ಕೊಟ್ಟಾಗಿತ್ತಲ್ಲ. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ಪ್ರಕಟಣೆ ವಾಪಸ್ ಪಡೆಯಿತು. ತಪ್ಪಾಗಿ ಅರ್ಥ ಮಾಡಿಕೊಳ್ಳುವ ಸಾಧ್ಯತೆ ಇದೆ, ಜನ ಎಂದಿನಂತೆ ವಿವೇಚನೆಯಿಂದ ನಡೆದುಕೊಂಡರೆ ಸಾಕು ಅನ್ನೋದು ಅದರ ವಿವರಣೆ. ನನ್ನ ಮಟ್ಟಿಗೆ ಬೆಂಗಳೂರು ಕಚೇರಿಯವರು ಹೇಳಿದ್ದು ಸರಿಯಾಗಿಯೇ ಇತ್ತು. ಸಾಮಾನ್ಯ ಮನುಷ್ಯನಿಗೆ ನೇರವಾಗಿ ಅರ್ಥವಾಗುವ ಎಚ್ಚರಿಕೆ ಸಿಕ್ಕಿದ್ದು ಆ ಎರಡು ದಿನ.

ಇನ್ನು ಕಾನೂನು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಆಗಸ್ಟ್ 24ರಂದು. 9 ನ್ಯಾಯಮೂರ್ತಿಗಳ ಪೀಠ, ಒಮ್ಮತದ ತೀರ್ಪು. ಆ ಪ್ರಕರಣಕ್ಕೆ ಹೆಸರು ಕೊಟ್ಟ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ ಅರ್ಜಿ ಹಾಕಿದರು. ಆಗ ಆಧಾರ್‌ಗೆ ಸಂಸತ್ತು ಒಪ್ಪಿದ ಕಾಯ್ದೆಯೇ ಇರಲಿಲ್ಲ, ಆದರೂ ಬೆರಳ ಗುರುತು ತೆಗೆದುಕೊಳ್ಳುತ್ತಿದ್ದರು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಕಾಯ್ದೆ ಬಂದಿದ್ದು 2023ರ ಆಗಸ್ಟ್‌ನಲ್ಲಿ. ಅದರ ನಿಯಮಗಳು ಹೊರಬಂದಿದ್ದು 2025ರ ನವೆಂಬರ್‌ನಲ್ಲಿ. ಪುಟ್ಟಸ್ವಾಮಿಯವರು ಅದಕ್ಕೆ ಒಂದು ವರ್ಷ ಮುಂಚೆ, 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡಿದ್ದರು. ಕಂಪನಿಗಳ ಮುಖ್ಯ ಹೊಣೆಗಳು ಜಾರಿಯಾಗಲು ನಿಯಮಗಳು ಇನ್ನೂ 18 ತಿಂಗಳ ಸಮಯ ಕೊಟ್ಟಿವೆ. ಅಂದರೆ 2027.

ಆ ಕಾಯ್ದೆಯಲ್ಲಿ ಒಳ್ಳೆಯದು ಇದೆ. ನಿಮ್ಮ ಮಾಹಿತಿ ಯಾಕೆ ಬೇಕು ಅನ್ನೋ ನೋಟಿಸನ್ನು ಕನ್ನಡದಲ್ಲೇ ಓದುವ ಅವಕಾಶ ಕೊಡಬೇಕು. ಕೊಟ್ಟ ಒಪ್ಪಿಗೆ ವಾಪಸ್ ಪಡೆಯಬಹುದು, ಅಳಿಸಿ ಅನ್ನಬಹುದು. ಮಾಹಿತಿಯನ್ನು ಭದ್ರವಾಗಿ ಇಡದವರಿಗೆ 250 ಕೋಟಿ ರೂಪಾಯಿವರೆಗೆ ದಂಡ.

ಆದರೆ ಆ ದಂಡ ಎಲ್ಲಿಗೆ ಹೋಗುತ್ತದೆ? ಸರ್ಕಾರದ ಸಂಚಿತ ನಿಧಿಗೆ. ಮಾಹಿತಿ ಕಳೆದುಕೊಂಡವರಿಗೆ ಒಂದು ರೂಪಾಯಿಯೂ ಇಲ್ಲ. ಕಂಪನಿಗಳಿಂದ ಪರಿಹಾರ ಕೇಳಲು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 43ಎ ಕಲಮಿನಲ್ಲಿ ಒಂದು ದಾರಿ ಇದೆ. ಹೊಸ ಕಾಯ್ದೆ ಆ ಕಲಮನ್ನೇ ತೆಗೆದುಹಾಕುತ್ತದೆ. ಸುಳ್ಳು ದೂರು ಕೊಟ್ಟರೆ ಮಾತ್ರ ದೂರು ಕೊಟ್ಟವರಿಗೇ 10,000 ರೂಪಾಯಿವರೆಗೆ ದಂಡ.

ಇನ್ನೊಂದು ಮಾತು ಯಾರೂ ಅಷ್ಟಾಗಿ ಆಡುತ್ತಿಲ್ಲ. ಕಾನೂನಿನ ಪ್ರಕಾರ ಬಹಿರಂಗ ಮಾಡಲೇಬೇಕಾದ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಅಂತ ಅದರ 3ನೇ ಕಲಮಿನಲ್ಲೇ ಇದೆ. ನೋಂದಣಿ ಪತ್ರ ಸಾರ್ವಜನಿಕ ದಾಖಲೆ. ಹಾಗಾದರೆ ಅದರಲ್ಲಿರುವ ಹೆಬ್ಬೆಟ್ಟು? ಪತ್ರ ಸಾರ್ವಜನಿಕವಾದ್ದರಿಂದ ಹೆಬ್ಬೆಟ್ಟೂ ಸಾರ್ವಜನಿಕ ಅಂತ ನಾಳೆ ಯಾರಾದರೂ ವಾದಿಸಬಹುದು. ನನಗೆ ಅದು ಒಪ್ಪಿಗೆಯಿಲ್ಲ. ಜಮೀನು ಯಾರದು ಅನ್ನೋದು ಊರಿಗೆ ತಿಳಿಯಲಿ. ಬೆರಳ ಗೆರೆ ಹೇಗಿದೆ ಅನ್ನೋದು ಊರಿಗೆ ಯಾಕೆ ಬೇಕು? ಒಂದು ಕೆಲಸಕ್ಕೆ ತೆಗೆದುಕೊಂಡದ್ದನ್ನು ಆ ಕೆಲಸಕ್ಕೆ ಮಾತ್ರ ಬಳಸಿ, ಆಮೇಲೆ ಬೀಗ ಹಾಕಿಡಿ. ಸರ್ಕಾರಿ ಕಚೇರಿಯನ್ನೂ, ಮೊಬೈಲ್ ಅಂಗಡಿಯನ್ನೂ ನಾವು ಕೇಳಬೇಕಾದದ್ದು ಇಷ್ಟೇ.

ಅಲ್ಲಿವರೆಗೆ ನಮ್ಮ ಕೈಲಿ ಆಗುವುದನ್ನು ಮಾಡಿಕೊಳ್ಳಬೇಕಲ್ಲ. ಚಿಕ್ಕಪ್ಪನಿಗೆ ಮಾಡಿದ್ದನ್ನೇ ಹೇಳುತ್ತೇನೆ.

ದುಡ್ಡು ಹೋಗಿದೆ ಅಂತ ಗೊತ್ತಾದ ಕೂಡಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಬಾಯಿಮಾತಿನಲ್ಲಿ ಹೇಳಿ ಬರಬೇಡಿ. 2017ರಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಚಿಕ್ಕಪ್ಪನ ಕೈ ಹಿಡಿಯಿತು. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ ಅನ್ನುವಂಥ ಮೋಸದಲ್ಲಿ 3 ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕನ ಮೇಲೆ ನಷ್ಟ ಹೊರಿಸುವಂತಿಲ್ಲ ಅನ್ನುತ್ತಿತ್ತು ಅದು. ತಪ್ಪು ಗ್ರಾಹಕನದೇ ಅಂತ ಸಾಬೀತು ಮಾಡುವ ಹೊಣೆಯೂ ಬ್ಯಾಂಕಿನದೇ. ನಾವು ಬರವಣಿಗೆಯ ದೂರು ಕೊಟ್ಟಿದ್ದು ಮೂರನೇ ದಿನ. "ಒಟಿಪಿ ಕೊಟ್ರಾ" ಅಂತ ಕೇಳುತ್ತಿದ್ದ ಗುಮಾಸ್ತರ ಮುಂದೆ ಈ ಸುತ್ತೋಲೆಯ ಪ್ರಿಂಟ್ ಇಟ್ಟ ಮೇಲೆ ಮಾತಿನ ಧಾಟಿ ಬದಲಾಯಿತು. ಸುಮಾರು ಓಡಾಡಿದ ಮೇಲೆ ದುಡ್ಡು ವಾಪಸ್ ಬಂತು.

ಆಮೇಲೆ ಬ್ಯಾಂಕಿಗೆ ಇನ್ನೊಂದು ಅರ್ಜಿ ಬರೆದು ಎಇಪಿಎಸ್ ನಿಲ್ಲಿಸಿದೆವು. ಚಿಕ್ಕಪ್ಪನಿಗೆ ಎಟಿಎಂ ಬಳಸಲು ಬರುತ್ತದೆ, ಆ ಬಾಗಿಲು ಬೇಡವಾಗಿತ್ತು. ಆಧಾರ್ ವೆಬ್‌ಸೈಟಿನಲ್ಲಿ ಅವರ ಬೆರಳು ಎಲ್ಲೆಲ್ಲಿ ಬಳಕೆಯಾಗಿದೆ ಅನ್ನೋ ಇತಿಹಾಸ ನೋಡಿದೆವು. ಆರು ತಿಂಗಳದು ಸಿಗುತ್ತದೆ. ಕೇಂದ್ರ ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿ ಪೋರ್ಟಲಿನಲ್ಲಿ ಅವರ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಿದರೆ ಒಂದು ನಂಬರ್ ಅವರದಲ್ಲ. ಅಲ್ಲೇ ದೂರು ಹಾಕಿದೆವು. ಜೆರಾಕ್ಸ್ ಕೊಡಬೇಕಾದಲ್ಲಿ ಮಾಸ್ಕ್ ಮಾಡಿದ ಆಧಾರ್ ಕೊಟ್ಟು, ಅದರ ಮೇಲೆ ಅಡ್ಡಲಾಗಿ ಯಾತಕ್ಕೆ ಕೊಟ್ಟಿದ್ದು, ಯಾವ ತಾರೀಖು ಅಂತ ಬರೆಯುವುದನ್ನು ಅಭ್ಯಾಸ ಮಾಡಿಸಿದೆ. ಬಟ್ಟೆ ಅಂಗಡಿಯಲ್ಲಿ ಬಿಲ್ ಮಾಡುವಾಗ ಫೋನ್ ನಂಬರ್ ಕೇಳಿದರೆ ಈಗ ಚಿಕ್ಕಪ್ಪ "ಕೊಡಲ್ಲಮ್ಮ" ಅನ್ನುತ್ತಾರೆ. ನಂಬರ್ ಕೊಡದಿದ್ದರೆ ಬಿಲ್ ಮಾಡಲ್ಲ ಅನ್ನುವಂತಿಲ್ಲ ಅಂತ 2023ರ ಮೇನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯೇ ಹೇಳಿದೆ.

ಕೊನೆಗೆ ಬಯೊಮೆಟ್ರಿಕ್ ಲಾಕ್. ಆಧಾರ್ ಪ್ರಾಧಿಕಾರದ ಆ್ಯಪಿನಲ್ಲಿ ಎರಡು ನಿಮಿಷದ ಕೆಲಸ. ಲಾಕ್ ಮಾಡಿದರೆ ಅಚ್ಚು ಒತ್ತಿದರೂ ಕೆಲಸ ಆಗುವುದಿಲ್ಲ. ಆದರೆ ನಿಮ್ಮ ನಿಜವಾದ ಬೆರಳು ಒತ್ತಿದರೂ ಆಗುವುದಿಲ್ಲ. ಮಾಡಿಕೊಳ್ಳಿ ಅಂತ ಪ್ರಕಟಣೆ ಕೊಡುವವರು ಈ ಎರಡನೇ ಮಾತು ಬಿಟ್ಟಿರುತ್ತಾರೆ. ಲಾಕ್ ಮಾಡಿದ ಮುಂದಿನ ತಿಂಗಳು ಚಿಕ್ಕಪ್ಪ ರೇಷನ್ ಅಂಗಡಿಯಲ್ಲಿ ಮೂರು ಸಲ ಬೆರಳು ಒತ್ತಿ, ಒರೆಸಿ, ಮತ್ತೆ ಒತ್ತಿ, ಅಕ್ಕಿ ಇಲ್ಲದೆ ವಾಪಸ್ ಬಂದರು. ತಾತ್ಕಾಲಿಕವಾಗಿ ತೆರೆಯಬಹುದು, 10 ನಿಮಿಷ ತೆರೆದಿರುತ್ತದೆ. ಅದಕ್ಕೆ ಫೋನ್ ಬೇಕು, ಆಧಾರಿಗೆ ಜೋಡಿಸಿದ ನಂಬರ್ ಬೇಕು, ಒಟಿಪಿ ಓದಲು ಬರಬೇಕು.

ಹಾಗಾಗಿ ಈಗ ತಿಂಗಳಿಗೊಮ್ಮೆ ರೇಷನ್ ದಿನ ನಾನೂ ಜೊತೆಗೆ ಹೋಗುತ್ತೇನೆ. ಸರದಿಯಲ್ಲಿ ಮುಂದೆ ಇಬ್ಬರು ಉಳಿದಾಗ ಫೋನ್ ತೆಗೆದು ಲಾಕ್ ಬಿಡಿಸುತ್ತೇನೆ. ಹೋದ ತಿಂಗಳು ಅಷ್ಟರಲ್ಲೇ ಸರ್ವರ್ ಹೋಯಿತು. ಎಲ್ಲರೂ ಜಗಲಿ ಮೇಲೆ ಕೂತೆವು. ಹತ್ತು ನಿಮಿಷ ಮುಗಿದು ಲಾಕ್ ತಾನೇ ಬಿದ್ದುಕೊಂಡಿತು. ಸರ್ವರ್ ಬಂದ ಮೇಲೆ ಮತ್ತೆ ಬಿಡಿಸಿದೆ. ಚಿಕ್ಕಪ್ಪ ಪಂಚೆಗೆ ಬೆರಳು ಒರೆಸಿಕೊಂಡು ಒತ್ತಿದರು. ಯಂತ್ರ ಚೀಟಿ ಕೊಟ್ಟಿತು. ಹಿಂದೆ ನಿಂತಿದ್ದ ಅಜ್ಜಿಯೊಬ್ಬರು ನನ್ನ ಫೋನನ್ನೇ ನೋಡುತ್ತಿದ್ದವರು "ನಂದಕ್ಕೂ ಆ ಬೀಗ ಹಾಕಿ ಕೊಡ್ತೀಯೇನಪ್ಪ" ಅಂತ ಕೇಳಿದರು. ಫೋನ್ ಇದೆಯಾ ಅಜ್ಜಿ ಅಂದೆ. ಮಗನ ಹತ್ತಿರ ಇದೆ, ಅವನು ಬೆಂಗಳೂರಲ್ಲಿದ್ದಾನೆ ಅಂದರು.